ಇದ್ದಷ್ಟು ಶಕ್ತಿಯ ಸೇವೆ

ಶ್ರೀ ಗುರುಭ್ಯೋ ನಮಃ. ಹರಿಃ ಓಂ.

ಸಾಮಾನ್ಯವಾಗಿ ನಾನು ಇಲ್ಲಿ ಒಂದು ದೇವರನಾಮ ತೊಗೊಂಡು ಅದರ ಅರ್ಥ, ರಾಗ, ತಾಳ, ಎಲ್ಲಿ ಉಸಿರು ತೊಗೋಬೇಕು ಅನ್ನೋದನ್ನ ಬರೀತೀನಿ. ಈ ಸಲ ಹಾಡಿಲ್ಲ, ಒಂದು ಪ್ರಶ್ನೆ ಇದೆ. ಕೇಳಿದವಳು ಮೆಲ್ಬರ್ನ್‌ನಲ್ಲಿರುವ ನನ್ನ ಶಿಷ್ಯೆ. ಮೂರು ವರ್ಷದ ಹಿಂದೆ ಒಂದು ವೈರಲ್ ಜ್ವರ ಬಂದು ಹೋಯಿತು, ಸುಸ್ತು ಮಾತ್ರ ಹೋಗಲಿಲ್ಲ. ಮಲಗಿ ಎದ್ದರೆ ಹೋಗುವ ಸುಸ್ತಲ್ಲ ಅದು. ಇವತ್ತು ಸ್ವಲ್ಪ ಹೆಚ್ಚು ಓಡಾಡಿದರೆ ನಾಳೆ, ನಾಳಿದ್ದು ಎರಡು ದಿನ ಹಾಸಿಗೆ. ಆ ದಂಡ ತಕ್ಷಣ ಬೀಳೋಲ್ಲ, ತಡವಾಗಿ ಬೀಳತ್ತೆ. ಹಾಗಾಗಿ ಯಾವುದು ಹೆಚ್ಚಾಯಿತು ಅಂತ ಗೊತ್ತಾಗೋಹೊತ್ತಿಗೆ ಕಾಲ ಮೀರಿರತ್ತೆ. ಅವಳು ಕೇಳಿದ್ದು ಇಷ್ಟೇ: "ಅಕ್ಕಾ, ದಿನಕ್ಕೆ ಒಂದೇ ಒಂದು ಗಂಟೆ ನಾನು ನಾನಾಗಿರ್ತೀನಿ. ಆ ಗಂಟೇನ ದೇವರಿಗೆ ಕೊಡ್ಲಾ, ಮಗನಿಗೆ ಕೊಡ್ಲಾ?"

ಮಗನಿಗೆ ಏಳು ವರ್ಷ. ಅವಳದು ಮಡಿ, ಪೂಜೆ ಎಲ್ಲ ಅಚ್ಚುಕಟ್ಟಾಗಿ ನಡೀತಿದ್ದ ಮನೆ. ಪ್ರಶ್ನೆ ಸುಮ್ಮನೆ ಬಂದದ್ದಲ್ಲ.

ನನ್ನ ಸಂಗತೀನೂ ಒಂದು ಮಾತಲ್ಲಿ ಹೇಳಿಬಿಡ್ತೀನಿ, ಇಲ್ಲದಿದ್ದರೆ ಉಪದೇಶ ಮಾಡ್ತಿದಾಳೆ ಅನ್ನಿಸಬಹುದು. ನನಗೆ ಒಂಬತ್ತು ವರ್ಷದಿಂದ ರುಮಟಾಯ್ಡ್ ಆರ್ಥ್ರೈಟಿಸ್. ದೇಹವನ್ನ ಕಾಯಬೇಕಾದ ಶಕ್ತಿ ತನ್ನದೇ ಕೀಲುಗಳ ಮೇಲೆ ತಿರುಗಿ ಬೀಳೋ ಕಾಯಿಲೆ ಅದು. ಬೆಳಿಗ್ಗೆ ಎದ್ದಾಗ ಬೆರಳುಗಳು ಮಡಚೋಲ್ಲ, ಒಂದು ಗಂಟೆಯಾದರೂ ಬೇಕು ಸಡಿಲ ಆಗೋಕೆ. ವಾರಕ್ಕೊಮ್ಮೆ ಶುಕ್ರವಾರ ರಾತ್ರಿ ಮೆಥೊಟ್ರೆಕ್ಸೇಟ್ ಮಾತ್ರೆ. ಶನಿವಾರ ಇಡೀ ದಿನ ಮಂಕು. ಅದಕ್ಕೇ ನನ್ನ ಕ್ಲಾಸುಗಳು ಶನಿವಾರದಿಂದ ಭಾನುವಾರಕ್ಕೆ ಬಂದವು. ತಂಬೂರಿ ಮೀಟೋದು ಬಿಟ್ಟು ಮೊಬೈಲ್‌ನ ತಂಬೂರಿ ಆಪ್ ಹಚ್ಚಿಕೊಂಡಿದೀನಿ. ಗಂಟಲು ಚೆನ್ನಾಗಿದೆ, ದೇವರ ದಯೆ. ನೋಡೋಕೂ ಚೆನ್ನಾಗೇ ಇದೀನಿ. ಕಷ್ಟ ಅಲ್ಲೇ ಇರೋದು ನೋಡಿ! ಕಾರಿನ ಗಾಜಿಗೆ ಅಂಗವಿಕಲರ ಪಾರ್ಕಿಂಗ್ ಪರ್ಮಿಟ್ ಇಟ್ಟು ಇಳಿದರೆ, ರೇಷ್ಮೆ ಸೀರೆ ಉಟ್ಟ ಹೆಂಗಸು ನೆಟ್ಟಗೆ ನಡೆದು ಹೋಗೋದನ್ನ ನೋಡಿ ಹುಬ್ಬೇರಿಸೋರು ಇದ್ದಾರೆ. ಹುಬ್ಬೇರಿಸೋರಲ್ಲಿ ನಮ್ಮವರೇ ಜಾಸ್ತಿ ಅನ್ನೋದು ನನ್ನ ಅನುಭವ, ಬೇಜಾರು ಮಾಡ್ಕೋಬೇಡಿ.

ಈ 'ನೋಡೋಕೆ ಚೆನ್ನಾಗಿದೀರಲ್ಲ' ಅನ್ನೋ ಮಾತಿನ ಹೆಸರಲ್ಲೇ ಅಮೆರಿಕದಲ್ಲಿ ಕ್ರಿಸ್ಟೀನ್ ಮಿಸರಾಂಡಿನೋ ಅನ್ನೋ ಹೆಂಗಸು ಒಂದು ಜಾಲತಾಣ ಮಾಡಿದ್ದರು. ಅವರಿಗೆ ಲೂಪಸ್ ಕಾಯಿಲೆ. 2003ರಲ್ಲಿ ಅವರು ಬರೆದ ಒಂದು ಲೇಖನ ಈಗ ನಮ್ಮಂಥ ರೋಗಿಗಳಿಗೆಲ್ಲ ಗೊತ್ತು. ಹೋಟೆಲಿನಲ್ಲಿ ಗೆಳತಿ 'ನಿನ್ನ ಕಾಯಿಲೆ ಅಂದರೆ ಏನು, ಹೇಗಿರತ್ತೆ' ಅಂತ ಕೇಳಿದಾಗ ಅವರು ಮೇಜಿನ ಮೇಲಿದ್ದ ಚಮಚ, ಪಕ್ಕದ ಮೇಜಿನ ಚಮಚ ಎಲ್ಲ ಬಾಚಿಕೊಂಡು ಗೆಳತಿಯ ಕೈಗೆ ಹನ್ನೆರಡು ಕೊಟ್ಟರಂತೆ. ಇವತ್ತಿನ ನಿನ್ನ ಶಕ್ತಿ ಇಷ್ಟು. ಏಳೋಕೆ ಒಂದು, ಸ್ನಾನಕ್ಕೆ ಒಂದು, ಬಟ್ಟೆ ಹಾಕ್ಕೊಳ್ಳೋಕೆ ಒಂದು ಅಂತ ಒಂದೊಂದೇ ಕಿತ್ತುಕೊಳ್ಳುತ್ತಾ ಹೋದರು. ಮನೆ ಬಿಡೋ ಮೊದಲೇ ಅರ್ಧ ಖಾಲಿ. ಆರೋಗ್ಯವಂತರಿಗೆ ಚಮಚ ಎಣಿಸೋ ಗರಜೇ ಇಲ್ಲ, ಕಾಯಿಲೆಯವರು ಎಣಿಸದೆ ಒಂದು ಹೆಜ್ಜೆ ಇಡೋ ಹಾಗಿಲ್ಲ. ಇಷ್ಟೇ ಅವರ ಮಾತು.

ಇದನ್ನ ಓದಿದಾಗ ನನಗೆ ನೆನಪಾಗಿದ್ದು ನಮ್ಮ ದೇವರಮನೆಯ ಉದ್ಧರಣೆ. ಆಚಮನಕ್ಕೆ ಎಷ್ಟು ನೀರು ಅಂತ ನಮ್ಮ ತಂದೆ ಹೇಳ್ತಿದ್ದರು, ಒಂದು ಉದ್ದಿನಕಾಳು ಮುಳುಗುವಷ್ಟು. ಹೆಚ್ಚೂ ಬೇಡ, ಕಡಿಮೇನೂ ಬೇಡ. ಅಳತೆ ಇಟ್ಟುಕೊಂಡು ಮಾಡೋದು ನಮಗೆ ಹೊಸದಲ್ಲ. ಗೀತೆಯ 6ನೇ ಅಧ್ಯಾಯದಲ್ಲಿ ಕೃಷ್ಣ ಊಟ, ಓಡಾಟ, ಕೆಲಸ, ನಿದ್ರೆ, ಎಚ್ಚರ ಎಲ್ಲಕ್ಕೂ 'ಯುಕ್ತ' ಅನ್ನೋ ಒಂದೇ ಮಾತು ಹಚ್ಚುತ್ತಾನೆ. ಯುಕ್ತ ಅಂದರೆ ಕಮ್ಮಿ ಅಂತಲ್ಲ, ಒಪ್ಪುವಷ್ಟು ಅಂತ. ಯಾರಿಗೆ ಒಪ್ಪುವಷ್ಟು? ಮಾಡೋವನಿಗೆ. ಪಕ್ಕದ ಮನೆಯವರಿಗಲ್ಲ.

ಆದರೆ ಚಮಚದ ಲೆಕ್ಕದಲ್ಲಿ ನನಗೆ ಒಂದು ಕಡೆ ಎಡವತ್ತೆ. ಅಲ್ಲಿ ಚಮಚಗಳು 'ನನ್ನವು'. ಬೆಳಿಗ್ಗೆ ಹನ್ನೆರಡು ಬದಲು ಐದು ಬಂದರೆ 'ನನ್ನದನ್ನ ಯಾರೋ ಕಿತ್ತುಕೊಂಡರು' ಅನ್ನೋ ಸಂಕಟ ಬರತ್ತೆ. ಆ ಸಂಕಟಕ್ಕೇ ಇನ್ನೊಂದು ಚಮಚ ಖರ್ಚು! ಹರಿಕಥಾಮೃತಸಾರದಲ್ಲಿ ಜಗನ್ನಾಥದಾಸರು ಒಂದು ಸಂಧಿಗೆ ದತ್ತಸ್ವಾತಂತ್ರ್ಯ ಸಂಧಿ ಅಂತಲೇ ಹೆಸರಿಟ್ಟಿದ್ದಾರೆ. ಆ ಹೆಸರನ್ನೇ ಬಿಡಿಸಿ ನೋಡಿ. ಸ್ವಾತಂತ್ರ್ಯ ಇದೆ, ಆದರೆ ಕೊಟ್ಟದ್ದು, ದತ್ತವಾದದ್ದು. ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಸ್ವತಂತ್ರ ಒಬ್ಬನೇ, ಶ್ರೀಹರಿ. ಜೀವರಿಗೆ ಇರೋದು ಅವನು ಕೊಟ್ಟಷ್ಟು. ಮಗು ಸ್ಕೂಲಿಗೆ ಹೋಗುವಾಗ ಕ್ಯಾಂಟೀನಿಗೆ ಅಂತ ಐದು ಡಾಲರ್ ಕೊಡ್ತೀವಲ್ಲ, ಹಾಗೆ. ಆ ಐದರಲ್ಲಿ ಏನು ತೊಗೋಬೇಕು ಅನ್ನೋದು ಮಗುವಿಗೆ ಬಿಟ್ಟದ್ದು. ಹತ್ತು ಯಾಕೆ ಇಲ್ಲ ಅನ್ನೋದು ಮಗುವಿನ ತಪ್ಪಲ್ಲ. ಹತ್ತು ಡಾಲರಿನ ತಿಂಡಿ ತಿನ್ನಲಿಲ್ಲ ಅಂತ ಯಾವ ತಾಯಿಯೂ ಮಗುವನ್ನ ಸಂಜೆ ವಿಚಾರಿಸೋಲ್ಲ.

'ನಾನೇ ಮಾಡಿದೆ' ಅನ್ನೋದು ಅಹಂಕಾರ ಅಂತ ನಾವು ಪ್ರವಚನದಲ್ಲಿ ನೂರು ಸಲ ಕೇಳಿದೀವಿ. 'ಅಯ್ಯೋ, ನನ್ನಿಂದ ಮಾಡೋಕಾಗಲಿಲ್ಲವಲ್ಲ' ಅಂತ ಹಾಸಿಗೆಯಲ್ಲಿ ಕೂತು ಕೊರಗೋದು? ಅದನ್ನ ನಾವು ಭಕ್ತಿ ಅಂದ್ಕೋತೀವಿ. ನನಗೇನೋ ಅದೂ ಅದೇ ಬೇರಿನ ಇನ್ನೊಂದು ಚಿಗುರು ಅನ್ನಿಸತ್ತೆ. ಮಾಡೋವಳು ನಾನೇ ಅಂತ ಒಪ್ಪಿದ ಮೇಲೇ ತಾನೆ, ಮಾಡದೇ ಇದ್ದದ್ದೂ ನನ್ನ ತಲೆಗೆ ಬರೋದು?

ಇಷ್ಟು ಹೇಳಿದ ಮೇಲೆ ಜಗನ್ನಾಥದಾಸರ ಕಥೆಗೇ ಬರಬೇಕು. ಶಕ್ತಿ, ಆಯಸ್ಸು, ರೋಗ ಇವುಗಳ ವಿಷಯದಲ್ಲಿ ನಮ್ಮ ದಾಸಸಾಹಿತ್ಯದಲ್ಲಿ ಇದಕ್ಕಿಂತ ದೊಡ್ಡ ಕಥೆ ಇಲ್ಲ. ನಿಮಗೆಲ್ಲ ಗೊತ್ತಿರೋದೇ, ಆದರೂ ಇನ್ನೊಮ್ಮೆ. ರಾಯಚೂರು ಸೀಮೆಯ ಮಾನವಿ ಹತ್ತಿರದ ಬ್ಯಾಗವಾಟದಲ್ಲಿ 1728ರಲ್ಲಿ ಹುಟ್ಟಿದ ಶ್ರೀನಿವಾಸಾಚಾರ್ಯರು ದೊಡ್ಡ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡುವ ದಾಸರ ಬಗ್ಗೆ ಅಷ್ಟಕ್ಕಷ್ಟೆ. ಮಾನವಿಗೆ ಬಂದ ವಿಜಯದಾಸರು ಊಟಕ್ಕೆ ಕರೆದಾಗ, ಹೊತ್ತು ಮೀರಿ ಊಟ ಮಾಡಿದರೆ ಹೊಟ್ಟೆನೋವು ಬರತ್ತೆ ಅಂತ ನೆಪ ಹೇಳಿ ತಪ್ಪಿಸಿಕೊಂಡರು. ಆ ನೆಪವೇ ನಿಜವಾಗಿ ಹೊಟ್ಟೆಶೂಲೆ ಬಂತು ಅಂತ ಹಿರಿಯರು ಹೇಳ್ತಾರೆ. ಯಾವ ಔಷಧಿಗೂ ಜಗ್ಗಲಿಲ್ಲ. ಮಂತ್ರಾಲಯದಲ್ಲಿ ಸೇವೆಗೆ ಕೂತಾಗ ರಾಯರು ಸ್ವಪ್ನದಲ್ಲಿ ವಿಜಯದಾಸರ ಕಡೆಗೇ ಕಳಿಸಿದರು. ವಿಜಯದಾಸರು ತಮ್ಮ ಶಿಷ್ಯ ಉತ್ತನೂರಿನ ಗೋಪಾಲದಾಸರ ಹತ್ತಿರ ಕಳಿಸಿದರು, ನಿನ್ನ ಆಯಸ್ಸಿನಲ್ಲಿ ನಲವತ್ತು ವರ್ಷ ಇವನಿಗೆ ಕೊಡು ಅಂತ. ಗೋಪಾಲದಾಸರು ಧನ್ವಂತರಿಯನ್ನ ಪ್ರಾರ್ಥಿಸಿ ಹಾಡಿದರು, ಅಭಿಮಂತ್ರಿಸಿದ ಜೋಳದ ರೊಟ್ಟಿ ತಿನ್ನಿಸಿದರು, ಆಯಸ್ಸು ಕೊಟ್ಟರು. ಅನ್ನದ ಅಗುಳೂ ಸೇರದ ಹೊಟ್ಟೆಗೆ ಜೋಳದ ರೊಟ್ಟಿ! ಆಮೇಲೆ ಪಂಢರಾಪುರ, ಚಂದ್ರಭಾಗಾ, ಜಗನ್ನಾಥವಿಠಲ ಅಂಕಿತ.

ಈ ಕಥೆಯ ಮೊದಲ ಅರ್ಧವನ್ನ ಹಿಡ್ಕೊಂಡು ನಮ್ಮ ಜನ ಎಷ್ಟು ರೋಗಿಗಳ ಮನಸ್ಸು ನೋಯಿಸಿದ್ದಾರೋ! 'ನೋಡಿ, ಭಾಗವತಾಪಚಾರ ಮಾಡಿದರೆ ರೋಗ ಬರತ್ತೆ.' ನನ್ನ ಶಿಷ್ಯೆಗೂ ಯಾರೋ ಹೀಗೇ ಹೇಳಿದ್ದಾರೆ, ಹಿಂದೆ ಯಾರ ಮನಸ್ಸಾದರೂ ನೋಯಿಸಿದ್ಯಾ ನೆನಪು ಮಾಡ್ಕೋ ಅಂತ. ಆ ಹುಡುಗಿ ಮೂರು ರಾತ್ರಿ ನಿದ್ದೆಗೆಟ್ಟು ಹುಟ್ಟಿದಾಗಿನಿಂದ ಮಾಡಿದ ಜಗಳಗಳನ್ನೆಲ್ಲ ಎಣಿಸಿದ್ದಾಳೆ. ಅವಳಿಗಿರೋ ಒಂದು ಗಂಟೆಯನ್ನ ಈ ಲೆಕ್ಕಕ್ಕೆ ಕಳ್ಕೊಂಡಳು.

ನಾನು ಕರ್ಮಸಿದ್ಧಾಂತವನ್ನ ಅಲ್ಲಗಳೆಯೋಕೆ ಹೊರಟಿಲ್ಲ. ಪ್ರಾರಬ್ಧ ಅನ್ನೋದು ಇದೆ, ಅನುಭವಿಸಲೇಬೇಕು. ಆದರೆ ಇನ್ನೊಬ್ಬರ ಪ್ರಾರಬ್ಧವನ್ನ ಓದೋ ಕಣ್ಣು ನಮಗಿಲ್ಲ. ಅಪರೋಕ್ಷಿಗಳಾದ ವಿಜಯದಾಸರಿಗೆ ಇತ್ತು. ಅವರು ಆ ಕಣ್ಣಿನಿಂದ ನೋಡಿ ಮಾಡಿದ್ದೇನು? ರೋಗಿಗೆ 'ನೀನು ಮಾಡಿದ್ದಕ್ಕೆ ಅನುಭವಿಸು' ಅಂದರಾ? ಇಲ್ಲ, ಗುಣವಾಗುವ ದಾರಿ ಹುಡುಕಿಕೊಟ್ಟರು. ಇನ್ನೊಂದು ಮಾತು. ಗೋಪಾಲದಾಸರ ಕಾಲ 1721ರಿಂದ 1762. ನಲವತ್ತು ದಾಟುತ್ತಿದ್ದ ಹಾಗೇ ಹೊರಟುಬಿಟ್ಟರು. ಜಗನ್ನಾಥದಾಸರು 1809ರ ತನಕ ಇದ್ದರು, ಎಂಬತ್ತರ ಮೇಲೆ. ಅಪಚಾರ ಮಾಡಿದವನಿಗೇ ರೋಗ, ಅಲ್ಪಾಯುಸ್ಸು ಅನ್ನೋದಾದರೆ ಗೋಪಾಲದಾಸರು ಮಾಡಿದ ಅಪಚಾರ ಯಾವುದು? ಗಣಪತಿಯ ಅಂಶ ಅಂತ ನಾವು ಪೂಜಿಸೋ ಮಹನೀಯರು ಅವರು. ಬೇಗ ಹೋದದ್ದು ಕೊಟ್ಟದ್ದರಿಂದ. ಆದ್ದರಿಂದ, ಒಬ್ಬರ ಮೈಯಲ್ಲಿ ಶಕ್ತಿ ಕಮ್ಮಿ ಇದೆ ಅಂದರೆ ಅವರು ಏನೋ ಮಾಡಿರಬೇಕು ಅಂತ ಹೇಳೋಕೆ ಈ ಕಥೆಯಲ್ಲೇ ಆಧಾರ ಇಲ್ಲ. ಯಾರಿಗೆ ಗೊತ್ತು, ಎಲ್ಲೋ ಯಾರಿಗೋ ಕೊಟ್ಟು ಬಂದಿರಬಹುದು!

ಎರಡನೇ ಅರ್ಧ ನನಗೆ ಇನ್ನೂ ಹತ್ತಿರ. ಆಯಸ್ಸು ಕೊಡೋದು ಅಂದರೆ ಪವಾಡ ಅಂತ ನಾವು ದೂರ ಇಟ್ಟುಬಿಡ್ತೀವಿ. ಆದರೆ ಮನೆಯಲ್ಲಿ ಒಬ್ಬರಿಗೆ ದೀರ್ಘ ಕಾಯಿಲೆ ಇದ್ದರೆ ಅಲ್ಲಿ ದಿನಾ ಆಯುರ್ದಾನ ನಡೀತಿರತ್ತೆ. ನಮ್ಮ ಯಜಮಾನರು ಬೆಳಿಗ್ಗೆ ಟಲ್ಲವಾಂಗ್ ಸ್ಟೇಷನ್ನಿಗೆ ಮೆಟ್ರೋ ಹಿಡಿಯೋಕೆ ಹೊರಡೋ ಮೊದಲು ಕುಕ್ಕರ್ ಇಟ್ಟು, ಬಾಟಲಿಗಳ ಮುಚ್ಚಳ ಎಲ್ಲ ಸಡಿಲ ಮಾಡಿಟ್ಟು, ತೆಂಗಿನಕಾಯಿ ತುರಿದ ಪ್ಯಾಕೆಟ್ಟನ್ನ ಫ್ರೀಜರ್‌ನಿಂದ ಹೊರಗಿಟ್ಟು ಹೋಗ್ತಾರೆ. ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷ ಅವರ ಆಯಸ್ಸಿನದೇ ತಾನೆ? ಬೇರೆ ಎಲ್ಲಿಂದ ಬಂತು? ಒಂಬತ್ತು ವರ್ಷಕ್ಕೆ ಲೆಕ್ಕ ಹಾಕಿದರೆ ಸಾವಿರ ಗಂಟೆ ದಾಟತ್ತೆ.

ಹಾಗಾದರೆ ತೊಗೊಂಡವರು ಸಾಲಗಾರರಾ? ಇಲ್ಲೇ ನನ್ನಂಥವರ ಮನಸ್ಸು ಸಿಕ್ಕಿಹಾಕಿಕೊಳ್ಳೋದು. 'ನಾನು ಎಲ್ಲರಿಗೂ ಹೊರೆ' ಅನ್ನೋ ಮಾತನ್ನ ದೀರ್ಘ ಕಾಯಿಲೆಯವರು ಬಾಯಿಬಿಟ್ಟು ಹೇಳದಿದ್ದರೂ ಮನಸ್ಸಲ್ಲಿ ಜಪ ಮಾಡ್ತಿರ್ತಾರೆ. ಜಗನ್ನಾಥದಾಸರ ಸ್ಥಾನದಲ್ಲಿ ನಿಂತು ಯೋಚಿಸಿ ನೋಡಿ. ಎದುರಿಗೆ ತನಗಿಂತ ಬರೀ ಏಳು ವರ್ಷ ದೊಡ್ಡವರು, ತಮ್ಮ ನಲವತ್ತು ವರ್ಷವನ್ನ ಕೊಡ್ತಿದಾರೆ. ಬೇಡ ಅನ್ನಬಹುದಿತ್ತು. ಸಂಕೋಚದ ಸ್ವಭಾವದವರಾಗಿದ್ದರೆ 'ಪರವಾಗಿಲ್ಲ, ನಾನು ಹೇಗೋ ನೋಡ್ಕೋತೀನಿ' ಅಂತಿದ್ದರೇನೋ. ನಮ್ಮವರ ಬಾಯಲ್ಲಿ ಮೊದಲು ಬರೋದು ಅದೇ ತಾನೆ, ಪರವಾಗಿಲ್ಲ! ಅವರು ಹಾಗನ್ನಲಿಲ್ಲ, ರೊಟ್ಟಿ ತಿಂದರು. ಪಾಂಡಿತ್ಯದಿಂದ ಬೀಗಿದ್ದವರಿಗೆ ಆ ರೊಟ್ಟಿಗೆ ಕೈ ಚಾಚೋದು, ನನಗೆ ಕಾಣೋ ಹಾಗೆ, ಆ ಕಥೆಯಲ್ಲಿ ಅತ್ಯಂತ ಕಷ್ಟದ ಕೆಲಸ. ಕೊಡೋದಕ್ಕೆ ಎಷ್ಟು ಮನಸ್ಸು ಬೇಕೋ ತೊಗೊಳ್ಳೋದಕ್ಕೂ ಅಷ್ಟೇ ಬೇಕು.

ಇಲ್ಲಿ ಆಸ್ಟ್ರೇಲಿಯಾದಲ್ಲಿ ಎನ್‌ಡಿಐಎಸ್ ಅಂತ 2013ರ ಕಾಯಿದೆಯಿಂದ ಬಂದ ಅಂಗವಿಕಲರ ವಿಮೆ ವ್ಯವಸ್ಥೆ ಇದೆಯಲ್ಲ, ಅದಕ್ಕೆ ಅರ್ಜಿ ಹಾಕುವಾಗ 65 ವರ್ಷದೊಳಗಿರಬೇಕು, ಪ್ರಜೆಯೋ ಪರ್ಮನೆಂಟ್ ರೆಸಿಡೆಂಟೋ ಆಗಿರಬೇಕು. ವಿಸಿಟರ್ ವೀಸಾದಲ್ಲಿ ಬಂದ ನಮ್ಮ ಅಪ್ಪ ಅಮ್ಮಂದಿರಿಗೆ ಅದು ಇಲ್ಲ, ಆ ಮಾತು ಬೇರೆ. ಅದರ ಕಾಗದಪತ್ರಗಳಲ್ಲಿ ನಿಮ್ಮಿಂದ ಏನೇನು ಆಗೋಲ್ಲ ಅಂತ ಬಿಡಿಬಿಡಿಯಾಗಿ ಹೇಳಬೇಕು. ನನ್ನ ಪರಿಚಯದ ಒಬ್ಬರು ಅದನ್ನ ತುಂಬೋಕೆ ಕೂತು ಎಲ್ಲದರ ಮುಂದೂ 'ನಿಧಾನವಾಗಿ ಮಾಡ್ಕೋತೀನಿ' ಅಂತ ಬರೆದಿದ್ದರು. ಸುಳ್ಳು ಹೇಳಬಾರದು ಅಂತ ನಾವು ಕಲಿತಿದೀವಿ. ಆಗದ್ದನ್ನ ಆಗತ್ತೆ ಅನ್ನೋದೂ ಸುಳ್ಳೇ ಅಂತ ಯಾಕೋ ಯಾರೂ ನಮಗೆ ಹೇಳಿಕೊಟ್ಟಿಲ್ಲ.

ಸಾಲದ ಪ್ರಶ್ನೆಗೆ ವಾಪಸ್ ಬರ್ತೀನಿ. ಜಗನ್ನಾಥದಾಸರು ಆ ಆಯಸ್ಸಿನಲ್ಲಿ ಹರಿಕಥಾಮೃತಸಾರ ಬರೆದು ಋಣ ತೀರಿಸಿದರು ಅಂತ ಕೆಲವರು ಹೇಳೋದುಂಟು. ನನಗೆ ಒಪ್ಪಿಗೆ ಇಲ್ಲ. ಹಾಗಂದರೆ, ಕಾಯಿಲೆಯವರು ಬದುಕಿರೋದಕ್ಕೆ ಏನಾದರೂ ದೊಡ್ಡದು ಮಾಡಿ ತೋರಿಸಬೇಕು ಅಂತಾಗತ್ತೆ. ಗೋಪಾಲದಾಸರು ಕೊಡುವಾಗ ಹರಿಕಥಾಮೃತಸಾರ ಇನ್ನೂ ಇರಲಿಲ್ಲ. ಎದುರಿಗಿದ್ದದ್ದು ನೋವಿನಲ್ಲಿ ಮುದುಡಿದ ಒಬ್ಬ ಮನುಷ್ಯ. ಕರಾರು ಪತ್ರ ಬರೆಸಿಕೊಂಡು ಕೊಟ್ಟದ್ದಲ್ಲ.

ಈಗ ಆ ಗ್ರಂಥದೊಳಗೇ ಒಂದು ಕಡೆ ಹೋಗೋಣ. ಎರಡನೇ ಸಂಧಿ, ಕರುಣಾ ಸಂಧಿ. ಬಹಳ ಮನೆಗಳಲ್ಲಿ ಇದೊಂದು ಸಂಧಿ ಬಾಯಿಪಾಠ ಇರತ್ತೆ. ಅದರಲ್ಲಿ ದೇವರು ಹಾಡು ಕೇಳುವ ರೀತಿಯನ್ನ ದಾಸರು ಹೇಳ್ತಾರೆ. ಒರಗಿಕೊಂಡು ಭಕ್ತ ಹಾಡಿದರೆ ಅವನು ಎದ್ದು ಕೂರ್ತಾನಂತೆ. ಕೂತು ಹಾಡಿದರೆ ಎದ್ದು ನಿಲ್ತಾನೆ. ನಿಂತು ಹಾಡಿದರೆ ಅವನು ಕುಣೀತಾನೆ. ಕುಣಿದರೆ, ನಿಮಗೆ ಮೆಚ್ಚಿದೆ ಅಂತಾನೆ. ಮೈಸೂರಿನಲ್ಲಿ ಎಂ.ಎ. ಓದುವಾಗ ಇದನ್ನ ಮೆಟ್ಟಿಲು ಅಂತಲೇ ನಾವು ಅರ್ಥ ಮಾಡ್ಕೊಂಡಿದ್ದೆವು. ಮಲಗಿ ಹಾಡೋದು ಕೆಳಗಿನ ಮೆಟ್ಟಿಲು, ಕುಣಿಯೋದು ಮೇಲಿನದು. ಸಾಮಾನ್ಯವಾಗಿ ವ್ಯಾಖ್ಯಾನ ಹೇಳೋರೂ ಹಾಗೇ ಹೇಳ್ತಾರೆ, ಅದು ತಪ್ಪೇನಲ್ಲ.

ಆದರೆ ಇದನ್ನ ಬರೆದವರು ಹೊಟ್ಟೆಶೂಲೆಯಿಂದ ಹಾಸಿಗೆ ಹಿಡಿದಿದ್ದವರು. 'ಮಲಗಿದವರು' ಅಂದಾಗ ಅವರಿಗೆ ಸೋಮಾರಿಯ ಚಿತ್ರವೇ ಬಂದಿರತ್ತೆ ಅಂತ ನನಗನ್ನಿಸೋಲ್ಲ. ಇನ್ನೊಂದು ರೀತಿ ನೋಡಿ. ಮಲಗಿದವನಿಗೆ ದೇವರು ಕೂತಿದಾನೆ. ಕೂತವನಿಗೆ ನಿಂತಿದಾನೆ. ಎಲ್ಲ ಕಡೆಯೂ ಭಕ್ತನಿಗಿಂತ ಅವನದು ಒಂದೇ ಹೆಜ್ಜೆ ಜಾಸ್ತಿ. ಕುಣಿಯೋವನಿಗೆ ಎರಡು ಹೆಜ್ಜೆ, ಮಲಗಿದವನಿಗೆ ಅರ್ಧ ಹೆಜ್ಜೆ ಅಂತ ಇಲ್ಲ. ಮಲಗಿರೋವನು ಎದ್ದು ಕೂತ ಮೇಲೆ ಕೇಳ್ತೀನಿ ಅಂತಲೂ ಇಲ್ಲ. ಅಲ್ಲಿರೋ ಷರತ್ತು ಒಂದೇ, ಆದರ. ಅದು ಬೆನ್ನುಮೂಳೆ ನೆಟ್ಟಗಿರೋದರಲ್ಲಿ ಇರೋದಲ್ಲ. ಶಾಸ್ತ್ರದಲ್ಲಿ ಹಾಡುವಾಗ ಪದ್ಮಾಸನ, ನೆಟ್ಟಗಿನ ಕುತ್ತಿಗೆ ಅಂತ ನಾನೂ ಮಕ್ಕಳಿಗೆ ಗದರ್ತೀನಿ, ಅದು ನಾದಕ್ಕೋಸ್ಕರ. ದೇವರಿಗೆ ಆ ಕರಾರು ಇಲ್ಲ.

ಹಾಡೋಕೂ ಆಗದ ದಿನ? ಅಂಥ ದಿನಗಳು ಇರ್ತವೆ, ಗೊತ್ತಿದ್ದವರಿಗೆ ಗೊತ್ತು. ಬೆಳಕು ಬೇಡ, ಶಬ್ದ ಬೇಡ, ಮೊಬೈಲ್‌ನಲ್ಲಿ ಬೇರೆಯವರು ಹಾಡಿದ್ದನ್ನ ಕೇಳೋಕೂ ತ್ರಾಣ ಇರೋಲ್ಲ. ಆಗ ನಾನು ಹಿಡ್ಕೊಳ್ಳೋದು ಶ್ವಾಸ ಸಂಧಿಯನ್ನ. ದಿನಕ್ಕೆ 21,600 ಉಸಿರು ಅನ್ನೋ ಲೆಕ್ಕ ಅಲ್ಲಿದೆ. ಭಾಗಿಸಿ ನೋಡಿ, ಗಂಟೆಗೆ 900, ನಿಮಿಷಕ್ಕೆ 15. ಆರಾಮಾಗಿ ಕೂತ ದೊಡ್ಡವರು ಉಸಿರಾಡೋದು ಹೆಚ್ಚುಕಮ್ಮಿ ಅಷ್ಟೇ. ಆ ಒಂದೊಂದು ಉಸಿರಲ್ಲೂ ಹಂಸಮಂತ್ರದ ಜಪ ನಡೀತಿದೆ, ಮಾಡ್ತಿರೋನು ನಮ್ಮೊಳಗಿನ ಮುಖ್ಯಪ್ರಾಣ. ನಾವು ನಿದ್ದೆಯಲ್ಲಿದ್ದರೂ ಅವನು ಬಿಟ್ಟಿಲ್ಲ. ಜ್ವರದಲ್ಲಿ ಕನವರಿಸ್ತಿದ್ದರೂ ಬಿಟ್ಟಿಲ್ಲ. ನಾನು ಎಣಿಸೋಲ್ಲ. ಎಣಿಸೋದೂ ಒಂದು ಕೆಲಸ. ನಡೀತಿದೆ ಅಂತ ಗೊತ್ತಿದ್ದರೆ ಸಾಕು, ಆ ಗೊತ್ತಿರೋದಕ್ಕೆ ಚಮಚ ಖರ್ಚಾಗೋಲ್ಲ.

ಸಂಗೀತದವಳು ಅಂತ ಇಷ್ಟು ಹೇಳದೆ ಇರೋಕಾಗೋಲ್ಲ. ಆದಿತಾಳದಲ್ಲಿ ಎಂಟು ಅಕ್ಷರ. ಕೈಯಲ್ಲಿ ಹಾಕಿ ನೋಡಿ. ಒಂದು ಪೆಟ್ಟು, ಮೂರು ಬೆರಳೆಣಿಕೆ, ಆಮೇಲೆ ಪೆಟ್ಟು ಹುಸಿ, ಪೆಟ್ಟು ಹುಸಿ. ಎಂಟರಲ್ಲಿ ಸದ್ದು ಬರೋದು ಮೂರರಲ್ಲಿ ಮಾತ್ರ, ಒಂದು, ಐದು, ಏಳು. ಉಳಿದ ಐದು ಮೌನ. ಪುಟ್ಟ ಮಕ್ಕಳು ಮೊದಮೊದಲು ಆ ಹುಸಿಯನ್ನ ನುಂಗಿಬಿಡ್ತಾರೆ, ಸದ್ದಿಲ್ಲವಲ್ಲ ಅಂತ ಬೇಗ ದಾಟಿಬಿಡ್ತಾರೆ. ತಾಳ ಓಡತ್ತೆ, ಹಾಡು ಎಡವತ್ತೆ. ಹುಸಿಗೂ ಪೆಟ್ಟಿನಷ್ಟೇ ಕಾಲ ಕೊಡು ಅಂತ ಕೈ ಹಿಡಿದು ಹಾಕಿಸಬೇಕಾಗತ್ತೆ. ಮಧ್ಯಾಹ್ನ ಎರಡರಿಂದ ನಾಲ್ಕು ನಾನು ಬಾಗಿಲು ಹಾಕ್ಕೊಂಡು ಮಲಗೋದನ್ನ ನೋಡಿ, 'ಟೀಚರ್ ಇವತ್ತೂ ಮಲಗಿದೀರಾ' ಅಂತ ಕೇಳಿದ ಹತ್ತು ವರ್ಷದ ಹುಡುಗಿಗೆ ನಾನು ಕೊಟ್ಟ ಉತ್ತರ ಇದೇ, ಹುಸಿ ಹಾಕ್ತಿದೀನಿ ಪುಟ್ಟಾ. ಅವಳಿಗೆ ತಕ್ಷಣ ಅರ್ಥವಾಯಿತು. ದೊಡ್ಡವರಿಗೆ ಹೇಳೋಕೆ ಇಷ್ಟು ಉದ್ದ ಬರೀಬೇಕಾಗಿದೆ!

ಏಕಾದಶಿಯ ವಿಷಯ ಬಹಳ ಜನ ಕೇಳ್ತೀರಿ. ನೋವಿನ ಮಾತ್ರೆಯನ್ನ ಬರೀ ಹೊಟ್ಟೆಗೆ ತೊಗೋಬೇಡಿ ಅಂತ ಡಾಕ್ಟರ್ ಹೇಳಿದ್ದಾರೆ, ಉಪವಾಸ ಬಿಡೋಕೆ ಮನಸ್ಸಿಲ್ಲ, ಏನು ಮಾಡೋದು ಅಂತ. ನಮ್ಮಲ್ಲಿ ಏಕಾದಶಿ ಕಟ್ಟುನಿಟ್ಟು, ಹೌದು. ಆದರೆ ಶಾಸ್ತ್ರ ಆ ಉಪವಾಸವನ್ನ ಎಂಟು ವರ್ಷ ದಾಟಿ ಎಂಬತ್ತು ತುಂಬದವರಿಗೆ ಹೇಳಿದೆ. ಅಂದರೆ ದೇಹದ ಶಕ್ತಿಯನ್ನ ನೋಡಿಯೇ ಗೆರೆ ಎಳೆದಿದೆ. ಮಗುವಿನ ಮೈಯನ್ನೂ ಮುದುಕರ ಮೈಯನ್ನೂ ಲೆಕ್ಕಕ್ಕೆ ತೊಗೊಂಡ ಶಾಸ್ತ್ರಕ್ಕೆ ರೋಗಿಯ ಮೈ ಕಾಣೋಲ್ಲ ಅಂತ ನಾನು ನಂಬೋಲ್ಲ. ನಾನು ಹಾಲು ಹಣ್ಣು ತೊಗೊಂಡು ಮಾತ್ರೆ ನುಂಗ್ತೀನಿ, ನಮ್ಮ ಮನೆಯ ಆಚಾರ್ಯರನ್ನ ಕೇಳಿಯೇ. ನೀವು ನಿಮ್ಮ ಡಾಕ್ಟರನ್ನೂ ನಿಮ್ಮ ಆಚಾರ್ಯರನ್ನೂ ಕೇಳಿ. ಇಬ್ಬರನ್ನೂ. ಒಬ್ಬರನ್ನ ಕೇಳಿ ಇನ್ನೊಬ್ಬರಿಗೆ ಹೇಳದೆ ಇರಬೇಡಿ.

ಇನ್ನು ನನ್ನ ಶಿಷ್ಯೆಯ ಗಂಟೆ. ಎಲ್ಲರೂ ಕೊಡೋ ಉತ್ತರ ಒಂದಿದೆ, 'ಮಗನನ್ನ ನೋಡ್ಕೊಳ್ಳೋದೂ ಪೂಜೆಯೇ, ಅವನಲ್ಲಿರೋ ಬಾಲಕೃಷ್ಣನಿಗೆ ಮಾಡೋ ಸೇವೆ ಅಂತ ಅನುಸಂಧಾನ ಮಾಡು'. ಸಿದ್ಧಾಂತಕ್ಕೆ ಸರಿಯಾದ ಮಾತು. ಪಂಚಮಹಾಯಜ್ಞ ಸಂಧಿ, ಭೋಜನ ಸಂಧಿ ಓದಿದವರಿಗೆ ಗೊತ್ತು, ದಾಸರು ಊಟ, ಮನೆಗೆಲಸ ಯಾವುದನ್ನೂ ಪೂಜೆಯಿಂದ ಹೊರಗಿಟ್ಟಿಲ್ಲ. ಆದರೂ ನಾನು ಅವಳಿಗೆ ಆ ಉತ್ತರ ಕೊಡಲಿಲ್ಲ. ಸುಸ್ತಾದವಳಿಗೆ ಅದು ಇನ್ನೊಂದು ಕೆಲಸ ಆಗಿಬಿಡತ್ತೆ. ಮಗನ ಜೊತೆ ಲೆಗೋ ಜೋಡಿಸುವಾಗಲೂ 'ಅನುಸಂಧಾನ ಸರಿಯಾಯಿತಾ' ಅಂತ ತನ್ನನ್ನ ತಾನೇ ಪರೀಕ್ಷೆ ಮಾಡ್ಕೋತಾ ಕೂರ್ತಾಳೆ. ನನಗೆ ಅವಳ ಸ್ವಭಾವ ಗೊತ್ತು. ನಾನು ಹೇಳಿದ್ದು: ಗಂಟೆ ಮಗನದು. ಪೂರ್ತಿ ಅವನದು. ದೇವರಿಗೆ ಉಳಿದ ಇಪ್ಪತ್ತಮೂರು ಗಂಟೆ ಇದೆ, ಅದರಲ್ಲಿ ನೀನು ಮಲಗಿರ್ತೀಯ, ಅವನು ಎದ್ದು ಕೂತಿರ್ತಾನೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಆದರೆ ಅಕ್ಕಾ, ದೀಪ?" ಅಂದಳು. ಅದಕ್ಕೆ ನನ್ನ ಹತ್ತಿರ ಚೆನ್ನಾದ ಉತ್ತರ ಇರಲಿಲ್ಲ. ದೀಪ ಹಚ್ಚಬೇಕು ಅನ್ನೋ ಅವಳ ಆಸೆ ಕರ್ತವ್ಯದಿಂದ ಬಂದದ್ದಲ್ಲ, ಅವಳಿಗೆ ಅದು ಬೇಕು, ಊರಲ್ಲಿ ಅವಳಮ್ಮ ಹಚ್ಚುತ್ತಿದ್ದ ದೀಪ ಅದು. ಸಿದ್ಧಾಂತ ಹೇಳಿ ಅದನ್ನ ಸಮಾಧಾನ ಮಾಡೋಕಾಗೋಲ್ಲ. ಕೊನೆಗೆ ಅವಳೇ ಮಗನಿಗೆ ಬತ್ತಿ ಹೊಸೆಯೋದು ಕಲಿಸಿದ್ದಾಳೆ. ಹಚ್ಚೋದು ಅವನ ಅಪ್ಪ. ಅವಳು ಸೋಫಾದಲ್ಲಿ ಒರಗಿಕೊಂಡು ನೋಡ್ತಾಳೆ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ಆ ಹುಡುಗ ಬತ್ತಿ ತೋರಿಸಿದ, ನನ್ನ ಕಿರುಬೆರಳಷ್ಟು ದಪ್ಪ ಇತ್ತು. ತುಪ್ಪ ಬಹಳ ಕುಡಿಯತ್ತೆ ಕಣೋ ಅಂದೆ. ನಕ್ಕ.

ಭಾದ್ರಪದ ಶುದ್ಧ ನವಮಿ ಜಗನ್ನಾಥದಾಸರ ಆರಾಧನೆ. ನಮಗಿಲ್ಲಿ ಚಳಿ ಮುಗಿಯೋ ಕಾಲ, ಕೀಲು ಹಿಡಿದವರಿಗೆ ಬೆಳಗಿನ ಹೊತ್ತು ಕಷ್ಟ. ಹಾಗಾಗಿ ಈ ಸಲ ನಮ್ಮ ಮನೆಯ ಭಜನೆ ಮಧ್ಯಾಹ್ನ ಹನ್ನೊಂದಕ್ಕೆ ಶುರು, ಒಂದೂವರೆಗೆ ಮುಗೀತು. ಕರುಣಾ ಸಂಧಿ ಒಂದೇ ಪಾರಾಯಣ, ಆಮೇಲೆ ಎರಡು ಮೂರು ದೇವರನಾಮ. ಅಡುಗೆಗೆ ಒಬ್ಬೊಬ್ಬರು ಒಂದೊಂದು ತರ್ತಿದೀರಿ, ನಾನು ಗೊಜ್ಜವಲಕ್ಕಿ ಮಾತ್ರ. ಚಾಪೆ ಜೊತೆ ಕುರ್ಚಿಗಳೂ ಇರ್ತವೆ, ಒಳಗಿನ ರೂಮಿನಲ್ಲಿ ಮಂಚ ಖಾಲಿ ಇಟ್ಟಿರ್ತೀನಿ, ಅಲ್ಲಿಗೂ ಹಾಡು ಚೆನ್ನಾಗಿ ಕೇಳತ್ತೆ. ಬರೋಕಾಗದವರಿಗೆ ಜೂಮ್ ಲಿಂಕ್ ಕಳಿಸ್ತೀನಿ. ಕ್ಯಾಮೆರಾ ಹಾಕಲೇಬೇಕು ಅಂತಿಲ್ಲ. ಮಧ್ಯದಲ್ಲಿ ಎದ್ದು ಹೋದವರನ್ನ ಯಾಕೆ ಹೋದಿರಿ ಅಂತ ಯಾರೂ ಕೇಳಬೇಡಿ, ದಯವಿಟ್ಟು.

ಶ್ರೀಕೃಷ್ಣಾರ್ಪಣಮಸ್ತು.